ಚೀನದಲ್ಲಿ ‘ಸು’ ಊಟ

ಬೆಳಗಾವಿಯ ಪೇಟೆಯಲ್ಲಿ ಹಸಿದು ನಿಂತ ಪರಸ್ಥಳದವನಿಗೆ ಊಟ ಹುಡುಕುವುದು ಕಷ್ಟವಲ್ಲ. ‘ಶುದ್ಧ ಸಸ್ಯಾಹಾರಿ’ ಎಂಬ ಫಲಕವನ್ನೋ ಲಿಂಗಾಯತ ಖಾನಾವಳಿಯ ಹೆಸರನ್ನೋ ಓದಿಕೊಂಡು ಒಳಹೊಕ್ಕರಾಯಿತು. ತಾಟಿನಲ್ಲಿ ಏನು ಬಂದೀತೆಂಬ ಸಂದೇಹವೇ ಹುಟ್ಟುವುದಿಲ್ಲ. 2018ರಲ್ಲಿ ನಾನೂ ನನ್ನ ಪತ್ನಿಯೂ ಸದಾಶಿವನಗರದ ಮನೆಗೆ ಬೀಗ ಹಾಕಿ ಚೀನದ ಪ್ರವಾಸ ಕೈಕೊಂಡಾಗ, ಈ ನಿಸ್ಸಂದೇಹವೆಂಬುದು ಎಷ್ಟು ದೊಡ್ಡ ಸೌಕರ್ಯವೆಂದು ಮೊದಲ ದಿನವೇ ತಿಳಿಯಿತು.

ಆ ರಾತ್ರಿ ಸಾಮಾನ್ಯ ಭೋಜನಗೃಹವೊಂದರಲ್ಲಿ, ಮಾಂಸ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಯಿಸಿ ತಂದಿದ್ದ ಚೀಟಿಯನ್ನು ಮುಂದಿಟ್ಟು, ಚಿತ್ರ ತೋರಿಸಿ, ಹುರಿದ ಬೀನ್ಸಿನ ಪಲ್ಯವನ್ನು ತರಿಸಿಕೊಂಡೆವು. ಎರಡು ತುತ್ತು ಉಂಡ ಮೇಲೆ ಕಾಯಿಗಳ ಸಂದಿಯಲ್ಲಿ ಕಂದುಬಣ್ಣದ ಸಣ್ಣ ಕಣಗಳು ಕಂಡವು. ಅದು ಹಂದಿಯ ಮಾಂಸದ ಕೊಚ್ಚು. ನನ್ನ ಪತ್ನಿ ಎದ್ದುಹೋಗಿ ಬಾಯಿ ತೊಳೆದುಕೊಂಡು ಬಂದವಳು ಮುಂದೆ ಮೂರು ದಿನ ಬಾಳೆಹಣ್ಣು, ಬ್ರೆಡ್ಡುಗಳ ಹೊರತು ಏನನ್ನೂ ಮುಟ್ಟಲಿಲ್ಲ.

ಅಡಿಗೆಯವನು ಮೋಸಗಾರನೇನಲ್ಲ. ಅವನ ಲೆಕ್ಕದಲ್ಲಿ ಅದು ಕಾಯಿಪಲ್ಯವೇ. ಕೊಚ್ಚು ಎಂಬುದು ನಮ್ಮ ಒಗ್ಗರಣೆಯ ಸಾಸಿವೆಯಿದ್ದಂತೆ, ರುಚಿಗೆ ಹಾಕಿದ್ದು. ಪ್ರಸಿದ್ಧವಾದ ‘ಮಾಪೊ ತೋಫು’ವಿನಲ್ಲಿಯೂ ಈ ಕೊಚ್ಚು ಇರುತ್ತದೆ. ಸೊಪ್ಪಿನ ಮೇಲೆ ಸಿಂಪಿಯ ರಸ, ಸಾರಿನ ತಳದಲ್ಲಿ ಕೋಳಿಯ ಎಲುಬಿನ ಕಷಾಯ ಇರಬಹುದು. ಅಲ್ಲದೆ ಮಾಂಸಕ್ಕೆ ಅವರು ಹೇಳುವ ‘ರೌ’ ಎಂಬ ಶಬ್ದವನ್ನು ಬಿಡಿಯಾಗಿ ಬಳಸಿದರೆ ಹಂದಿಯ ಮಾಂಸವೆಂದೇ ಅರ್ಥ. ‘ರೌ’ ಬೇಡವೆಂದವನಿಗೆ ಕೋಳಿಯನ್ನೋ ಮೀನನ್ನೋ ತಂದಿಟ್ಟರೆ ತಪ್ಪು ಯಾರದು?

ಕೇಳುಗರಲ್ಲಿ ಚೀನಕ್ಕೆ ಹೋಗುವವರಿದ್ದರೆ ಅವರು ಕಲಿಯಬೇಕಾದ ಮಾತು ‘ವೊ ಛಿ ಸು’, ಅಂದರೆ ‘ನಾನು ಸು ಉಣ್ಣುವವನು’. ‘ಸು’ ಎಂದರೆ ಮೂಲದಲ್ಲಿ ಬಣ್ಣ ಕಟ್ಟದ ಬಿಳಿಯ ರೇಷ್ಮೆ. ಅದರಿಂದ ಸರಳವಾದುದು, ಸಾತ್ವಿಕವಾದ ಊಟ ಎಂದು ಅರ್ಥ ಬೆಳೆಯಿತು. ಇದಕ್ಕೆ ಎದುರಾದುದು ‘ಹುನ್’. ಇಂದು ಅದು ಮಾಂಸಾಹಾರಕ್ಕೆ ಸಲ್ಲುತ್ತದೆಯಾದರೂ ಅದನ್ನು ಬರೆಯುವ ಅಕ್ಷರದ ನೆತ್ತಿಯ ಮೇಲೆ ಹುಲ್ಲಿನ ಚಿಹ್ನೆಯಿದೆ. ಏಕೆಂದರೆ ಅದು ಮೊದಲು ಹೇಳುತ್ತಿದ್ದುದು ಬೆಳ್ಳುಳ್ಳಿ, ಈರುಳ್ಳಿಗಳಂತಹ ಘಾಟಿನ ಸಸ್ಯಗಳನ್ನು. ಚೀನದ ಭಿಕ್ಷುಗಳಿಗೆ ಇಂತಹ ಐದು ಪದಾರ್ಥಗಳು ನಿಷಿದ್ಧ. ನಮ್ಮ ಜೈನರ ಮನೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಆದರೆ ಐದನೆಯದರ ಹೆಸರು ‘ಶಿಂಗ್‌ಛು’. ಅದು ಸಂಸ್ಕೃತದ ‘ಹಿಂಗು’, ಅಂದರೆ ಇಂಗು! ಉಳ್ಳಾಗಡ್ಡಿ ಬಿಟ್ಟವರು ಇಲ್ಲಿ ಯಾವುದನ್ನು ಆಶ್ರಯಿಸುತ್ತಾರೋ ಅಲ್ಲಿ ಅದನ್ನೂ ಬಿಡಬೇಕು.

ಭಾರತದಲ್ಲಿ ಭಿಕ್ಷೆ ಬೇಡಿ ಉಣ್ಣುತ್ತಿದ್ದ ಬೌದ್ಧ ಸಂನ್ಯಾಸಿ, ತನಗಾಗಿ ಕೊಂದುದಲ್ಲವೆಂದಾದರೆ ಪಾತ್ರೆಗೆ ಬಿದ್ದ ಮಾಂಸವನ್ನೂ ಸ್ವೀಕರಿಸಬಹುದಾಗಿತ್ತು. ಅದನ್ನು ಕಡ್ಡಾಯವಾಗಿ ನಿಲ್ಲಿಸಲು ಹೊರಟವನು ಚೀನದ ಒಬ್ಬ ಅರಸು, 502ರಿಂದ 549ರವರೆಗೆ ಆಳಿದ ಲಿಯಾಂಗ್ ವಂಶದ ವು. ವಿಹಾರಗಳಲ್ಲಿ ಪಾಕಶಾಲೆಗಳು ಬೆಳೆದವು. ಅಲ್ಲಿಯ ಪಾಕ ಕಾಲಾನುಕ್ರಮದಲ್ಲಿ ಪೇಟೆಗೆ ಇಳಿಯಿತು. ಉಡುಪಿಯ ಮಠದ ಅಡಿಗೆ ಊರೂರಿನ ಹೋಟೆಲುಗಳಿಗೆ ಬಂದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಶಾಂಘಾಯಿಯಲ್ಲಿ 1922ರಲ್ಲಿ ಆರಂಭವಾದ ‘ಗುಂಗ್‌ದೆಲಿನ್’ ಎಂಬ ಭೋಜನಾಲಯದ ಹೆಸರಿನ ಅರ್ಥವೇ ‘ಪುಣ್ಯವನ’.

ಇಂತಹ ಭೋಜನಾಲಯಗಳಲ್ಲಿ ನಮ್ಮವರನ್ನು ತಬ್ಬಿಬ್ಬುಗೊಳಿಸುವುದು ಊಟದ ರೂಪ. ಬಾತುಕೋಳಿ, ಮೀನು, ಸೀಗಡಿ ಎಲ್ಲವೂ ತಟ್ಟೆಗೆ ಬರುತ್ತವೆ, ಒಂದರಲ್ಲಿಯೂ ಜೀವಹಿಂಸೆಯಿಲ್ಲ. ಸೋಯಾ ಕಾಳಿನ ಹಾಲನ್ನು ಒಡೆಯಿಸಿ, ಹಿಂಡಿ, ಹಾಳೆಯಾಗಿ ಮಡಿಚಿದರೆ ಒಂದು ರೂಪ. ಇನ್ನೊಂದು ಗೋದಿಯದು. ನಮ್ಮ ಹೆಣ್ಣುಮಕ್ಕಳು ಕುರಡಿಗೆ ಮಾಡುವಾಗ ನೆನೆದ ಗೋದಿಯನ್ನು ರುಬ್ಬಿ, ಹಾಲು ತೆಗೆದುಕೊಂಡು, ಉಳಿದ ಜಿಗುಟನ್ನು ದನಕ್ಕೆ ಹಾಕುತ್ತಾರಷ್ಟೆ. ಚೀನೀಯರು ಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆತೊಳೆದು ಪಿಷ್ಟವನ್ನು ಹೊರಗೆ ಹಾಕಿ ಆ ಜಿಗುಟನ್ನೇ ಇಟ್ಟುಕೊಳ್ಳುತ್ತಾರೆ. ಬೇಯಿಸಿದರೂ ಕರಿದರೂ ಅದು ಹಲ್ಲಿಗೆ ಮಾಂಸದಂತೆಯೇ ಸಿಗುತ್ತದೆಯಂತೆ. ಹೋಲಿಸಿ ನೋಡುವ ಅನುಭವ ನನಗಿಲ್ಲ.

ಇದನ್ನೆಲ್ಲ ನಾನು ಅಧ್ಯಾಪಕನ ಹಳೆಯ ಚಾಳಿಯಿಂದ ಸವಿಸ್ತಾರವಾಗಿ ವಿವರಿಸಿದೆ. ಪತ್ನಿ ಕೇಳಿಸಿಕೊಂಡು, ಗೋದಿಯ ‘ಮೀನಿ’ನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. “ಬಾಯಿಗೆ ಗೋದಿ ಅಂತ ಗೊತ್ತಾಗ್ತೈತ್ರಿ, ಕಣ್ಣಿಗೆ ಹೆಂಗ ಹೇಳೂದು?” ಎಂದಳು. ಮಾಂಸ ಬಿಟ್ಟುಬಂದ ಅತಿಥಿಯ ನಾಲಗೆಗೆ ಸಮಾಧಾನ ಕೊಡುವುದಕ್ಕೆ ಹುಟ್ಟಿದ ಈ ಕಲೆ, ಎಂದೂ ಅದನ್ನು ಮುಟ್ಟದವರಿಗೆ ಹಿಂಸೆಯಾಗಬಲ್ಲದೆಂದು ನನಗೆ ಹೊಳೆದಿರಲಿಲ್ಲ. ಅವಳ ಮಾತಿಗೆ ನಾನು ಇಂದಿಗೂ ಉತ್ತರ ಕಂಡುಕೊಂಡಿಲ್ಲ. ಆ ‘ಮೀನ’ನ್ನು ಮಾತ್ರ ತಿಂದು ಮುಗಿಸಿದೆ, ರುಚಿಯಾಗಿಯೇ ಇತ್ತು.

ಅವಳ ಹೊಟ್ಟೆ ತುಂಬಿದ್ದು ಶಾಂಘಾಯಿಯ ಜೇಡ್ ಬುದ್ಧನ ವಿಹಾರದಲ್ಲಿ. ಬರ್ಮಾದಿಂದ ತಂದ ಎರಡು ಬುದ್ಧಮೂರ್ತಿಗಳಿಗಾಗಿ 1882ರಲ್ಲಿ ಸ್ಥಾಪಿತವಾದ ವಿಹಾರವದು. ಅಂದು ಹುಣ್ಣಿಮೆ. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳಂದು, ಮಿಕ್ಕ ದಿನ ಮಾಂಸ ಉಣ್ಣುವ ಅನೇಕರು ಅಲ್ಲಿ ‘ಸು’ ಹಿಡಿಯುತ್ತಾರೆ. ಮುದುಕಿಯರ ಸಾಲಿನಲ್ಲಿ ನಿಂತು ಅವಳು ಒಂದು ಬಟ್ಟಲು ಅಣಬೆಯ ಶಾವಿಗೆ ತಂದಳು. ಯಾವುದರಂತೆಯೂ ಕಾಣದ, ಶಾವಿಗೆಯಂತೆಯೇ ಕಾಣುವ ಶಾವಿಗೆ. ಸ್ವಲ್ಪ ಸಪ್ಪಗಿತ್ತು. ಬೆಳಗಾವಿಯಿಂದ ತಂದಿದ್ದ ಶೇಂಗಾಚಟ್ನಿಯ ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆದವಳು ಅರ್ಧಕ್ಕೇ ನಿಂತಳು. ಅದರಲ್ಲಿ ಬೆಳ್ಳುಳ್ಳಿ ಇತ್ತು. ಸುತ್ತ ಒಮ್ಮೆ ನೋಡಿ, ಮುಚ್ಚಳ ಬಿಗಿಮಾಡಿ, ಡಬ್ಬಿಯನ್ನು ಮತ್ತೆ ಚೀಲದ ತಳಕ್ಕಿಟ್ಟಳು.