ಹೊಡೆಯುವ ಮುನ್ನ ಉಳಿಯುವುದನ್ನು ಕಲಿಯಬೇಕು

ಕಳೆದ ಬೇಸಿಗೆ ರಜೆಯಲ್ಲಿ ಹೊನ್ನಾಳಿಯ ಖಾಲಾ ಮನೆಗೆ ಹೋಗಿದ್ದೆ. ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾರೆ. ನಾನು ಅವರನ್ನು ಭಾಯಿ ಎಂದೇ ಕರೆಯುವುದು. ಅವರ ಕಂಪ್ಯೂಟರಿನಲ್ಲಿ ‘ಪಾತ್ ಆಫ್ ಎಕ್ಸೈಲ್’ ಎಂಬ ಆಟವಿತ್ತು. ನ್ಯೂಜಿಲೆಂಡಿನ ಗ್ರೈಂಡಿಂಗ್ ಗಿಯರ್ ಗೇಮ್ಸ್ ಕಂಪನಿ 2013ರಲ್ಲಿ ಬಿಡುಗಡೆ ಮಾಡಿದ ಆ್ಯಕ್ಷನ್ ರೋಲ್ ಪ್ಲೇಯಿಂಗ್ ಆಟವಿದು. ರಕ್ತಪಾತದ ದೃಶ್ಯಗಳಿವೆ, ಆದ್ದರಿಂದ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ನಾವು ಒಂದು ಪಾತ್ರವನ್ನು ಆರಿಸಿಕೊಂಡು, ಶತ್ರುಗಳ ಜೊತೆ ಹೋರಾಡುತ್ತಾ, ಲೆವೆಲ್ ಏರಿಸಿಕೊಳ್ಳುತ್ತಾ ಹೋಗಬೇಕು. ನಾಟಕದ ಹಾಗೆ ಕಥೆಗೆ ಹತ್ತು ಅಂಕಗಳಿವೆ.

ಇದರಲ್ಲಿ ‘ಹಾರ್ಡ್‌ಕೋರ್’ ಎಂಬ ವಿಧಾನವೊಂದಿದೆ. ಅಲ್ಲಿ ಒಮ್ಮೆ ಸತ್ತರೆ ಆ ಪಾತ್ರ ಹಾರ್ಡ್‌ಕೋರ್‌ನಿಂದ ಹೊರಬಿದ್ದು ಸಾಮಾನ್ಯ ಲೀಗಿಗೆ ಹೋಗುತ್ತದೆ, ಮತ್ತೆ ಒಳಗೆ ಬರುವಂತಿಲ್ಲ. ಭಾಯಿ ಬೇಡವೆಂದರೂ ನಾನು ಅದನ್ನೇ ಆರಿಸಿದೆ. ಸಿಕ್ಕ ಪಾಯಿಂಟುಗಳನ್ನೆಲ್ಲ ಹೊಡೆತ ಹೆಚ್ಚಿಸಲು ಹಾಕಿದೆ. ಐದು ಅಂಕಗಳನ್ನು ಸಲೀಸಾಗಿ ದಾಟಿದೆ. ಆರನೆಯ ಅಂಕಕ್ಕೆ ಬಂದು ಸ್ವಲ್ಪ ಹೊತ್ತಾಗಿತ್ತಷ್ಟೆ, ಬೆಂಕಿಯ ಎರಡೇ ಹೊಡೆತಕ್ಕೆ ಸತ್ತೆ. ಎರಡು ವಾರದ ಶ್ರಮ ಹೋಯಿತು. ಆಟವೇ ಮೋಸ ಮಾಡಿತು ಎಂದು ರೇಗಾಡಿದೆ. ಭಾಯಿ ನಗಲಿಲ್ಲ. ಒಂದು ನೋಟ್‌ಬುಕ್ ತಂದು, “ಬಾ, ಲೆಕ್ಕ ಹಾಕೋಣ” ಎಂದರು.

ಮೊದಲ ಲೆಕ್ಕ: ತಡೆಯುವ ಶಕ್ತಿ

ಬೆಂಕಿ, ಚಳಿ, ಮಿಂಚು, ಈ ಮೂರು ಬಗೆಯ ಪೆಟ್ಟಿಗೆ ಪ್ರತ್ಯೇಕವಾದ ‘ರೆಸಿಸ್ಟೆನ್ಸ್’ ಇರುತ್ತದೆ. ನನ್ನದು ಬೆಂಕಿಗೆ ಶೇ. 42 ಇತ್ತು. ಅಂದರೆ 1000ದ ಪೆಟ್ಟು ಬಂದರೆ 580 ತಗಲುತ್ತಿತ್ತು. ಐದನೆಯ ಅಂಕ ಮುಗಿದ ಕೂಡಲೇ ಆಟವು ನಮ್ಮ ಎಲ್ಲ ರೆಸಿಸ್ಟೆನ್ಸ್‌ನಿಂದ 30 ಕಳೆಯುತ್ತದೆ. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ನನ್ನದು 12ಕ್ಕೆ ಇಳಿದಿತ್ತು. ಅದೇ 1000ದ ಪೆಟ್ಟು ಈಗ 880 ತಗಲುತ್ತಿತ್ತು, ಮೊದಲಿಗಿಂತ ಒಂದೂವರೆ ಪಟ್ಟು! ಹತ್ತನೆಯ ಅಂಕ ಮುಗಿದಾಗ ಇನ್ನೂ 30 ಹೋಗುತ್ತದೆ. ಸಾಮಾನ್ಯವಾಗಿ ರೆಸಿಸ್ಟೆನ್ಸ್‌ನ ಮಿತಿ ಶೇ. 75. ಆ ಹೊತ್ತಿಗೆ ಅಷ್ಟನ್ನು ಮುಟ್ಟಬೇಕಾದರೆ ಉಡುಪು, ಉಂಗುರ ಇತ್ಯಾದಿಗಳಿಂದ ಒಟ್ಟು 135 ಸೇರಿಸಿಕೊಳ್ಳಬೇಕು.

ಇಲ್ಲಿ ನನಗೆ ಆಶ್ಚರ್ಯವೆನಿಸಿದ ಸಂಗತಿಯೊಂದಿದೆ. ರೆಸಿಸ್ಟೆನ್ಸ್ 0ಯಿಂದ 5ಕ್ಕೆ ಏರಿದರೆ 1000ದ ಪೆಟ್ಟು 950 ಆಗುತ್ತದೆ, ಇಪ್ಪತ್ತರಲ್ಲಿ ಒಂದು ಪಾಲು ಉಳಿತಾಯ. ವಿಶೇಷ ವಸ್ತುಗಳಿಂದ ಮಿತಿಯನ್ನೇ ಹೆಚ್ಚಿಸಿ 75ರಿಂದ 80ಕ್ಕೆ ಏರಿಸಿದರೆ ಪೆಟ್ಟು 250ರಿಂದ 200ಕ್ಕೆ ಇಳಿಯುತ್ತದೆ, ಐದರಲ್ಲಿ ಒಂದು ಪಾಲು ಉಳಿತಾಯ. ಎರಡು ಕಡೆಯೂ ಏರಿಕೆ ಐದೇ, ಆದರೆ ಕೊನೆಯ ಐದರ ಬೆಲೆ ನಾಲ್ಕು ಪಟ್ಟು.

ಎರಡನೆಯ ಲೆಕ್ಕ: ಕವಚ

ಕತ್ತಿ, ಕೊಡಲಿಯ ಪೆಟ್ಟಿಗೆ ಕವಚವಿದೆ. ಇದರ ಸೂತ್ರ ಹೀಗೆ: ಹೊಡೆತವನ್ನು ಐದರಿಂದ ಗುಣಿಸಿ ಕವಚದ ಅಂಕಿಗೆ ಕೂಡಿಸಿ. ಆ ಮೊತ್ತದಿಂದ ಕವಚದ ಅಂಕಿಯನ್ನು ಭಾಗಿಸಿ. ಬರುವ ಉತ್ತರವೇ ತಡೆಯುವ ಪಾಲು. ಕವಚ 5000 ಇದೆ ಎನ್ನಿ. 200ರ ಪೆಟ್ಟಿನಲ್ಲಿ ಶೇ. 83ರಷ್ಟು ತಡೆಯುತ್ತದೆ. 1000ದ ಪೆಟ್ಟಿನಲ್ಲಿ ಅರ್ಧ. 5000ದ ಪೆಟ್ಟಿನಲ್ಲಿ ಬರೀ ಶೇ. 17ರಷ್ಟು. ಸಣ್ಣ ಸಣ್ಣ ಪೆಟ್ಟುಗಳ ಮಳೆಗೆ ಕವಚ ಒಳ್ಳೆಯ ಕೊಡೆ. ದೊಡ್ಡ ಶತ್ರುವಿನ ಒಂದೇ ಭಾರಿ ಹೊಡೆತಕ್ಕೆ ಅದನ್ನು ನಂಬಿ ಎದುರು ನಿಲ್ಲಬಾರದು. ಅವನು ತೋಳು ಎತ್ತುವುದನ್ನು ನೋಡಿಯೇ ಸರಿದುಕೊಳ್ಳಬೇಕು.

ತಪ್ಪಿಸಿಕೊಳ್ಳುವುದು

‘ಇವೇಶನ್’ ಎಂದರೆ ಪೆಟ್ಟು ತಗಲದಂತೆ ತಪ್ಪಿಸಿಕೊಳ್ಳುವ ಸಾಧ್ಯತೆ. ಇದು ಪೂರ್ತಿ ಅದೃಷ್ಟವೆಂದು ನಾನು ತಿಳಿದಿದ್ದೆ. ಹಾಗಲ್ಲ. ಆಟ ಒಳಗೊಳಗೇ ಲೆಕ್ಕ ಇಟ್ಟುಕೊಂಡಿರುತ್ತದೆ, ಆದ್ದರಿಂದ ಸಾಲಾಗಿ ಹತ್ತಾರು ಪೆಟ್ಟು ಬೀಳುವ ದುರದೃಷ್ಟ ಬರುವುದಿಲ್ಲ. ಆದರೆ ಬಿದ್ದ ಪೆಟ್ಟು ಪೂರ್ತಿ ಬೀಳುತ್ತದೆ. ಮಂತ್ರದ ದಾಳಿಗಂತೂ ಇವೇಶನ್ ನಡೆಯುವುದೇ ಇಲ್ಲ. ಹಾಗಾಗಿ ಅದರ ಹಿಂದೆ ಸಾಕಷ್ಟು ಜೀವಬಲ ಇರಬೇಕು.

ಕಾಲೇಜು ಶುರುವಾದ ಮೇಲೆ ಇದನ್ನೆಲ್ಲ ಗೆಳೆಯರಿಗೆ ಹೇಳಿದೆ. ಜಗಳೂರಿನ ಗೆಳೆಯ ತಟ್ಟನೆ ಹೇಳಿದ: “ಇದು ನಮ್ಮ ಊರುಗಳ ಕಥೆನೇ ಕಣೋ. ಹೊನ್ನಾಳೀಲಿ ಹೊಳೆ ತುಂಬಿ ಬರುತ್ತೆ, ಅಲ್ಲಿ ತಡೆಗೋಡೆ ಬೇಕು. ನಮ್ಮಲ್ಲಿ ಮಳೆನೇ ಬರಲ್ಲ. ಗೋಡೆ ಕಟ್ಟಿ ಏನ್ ಮಾಡ್ಲಿ? ಕೆರೆ ಹೂಳು ತೆಗೀಬೇಕು.” ಇಷ್ಟು ಚೆನ್ನಾಗಿ ಭಾಯಿಯೂ ಹೇಳಿರಲಿಲ್ಲ. ಯಾವ ಕಡೆಯಿಂದ ಪೆಟ್ಟು ಬರುತ್ತದೆ ಎಂದು ತಿಳಿಯದೆ ಕಟ್ಟಿದ ರಕ್ಷಣೆ ರಕ್ಷಣೆಯಲ್ಲ.

ನ್ಯಾಮತಿಯ ಗೆಳೆಯ ಒಪ್ಪಲಿಲ್ಲ. “ಎಲ್ಲಾ ರಕ್ಷಣೆಗೇ ಸುರಿದರೆ ಶತ್ರು ಸಾಯೋದು ಯಾವಾಗ? ಬೇಗ ಹೊಡೆದು ಮುಗಿಸಿದರೆ ಅದೇ ರಕ್ಷಣೆ” ಎಂದ. ಅವನ ಮಾತಿನಲ್ಲೂ ಅರ್ಥವಿದೆ. ಸತ್ತ ಶತ್ರು ಹೊಡೆಯುವುದಿಲ್ಲ. ಔಷಧದ ಐದು ಸೀಸೆಗಳು ತುಂಬುವುದು ಕೂಡ ಹೆಚ್ಚಾಗಿ ಶತ್ರುಗಳನ್ನು ಕೊಂದಾಗ. ಆದರೆ ಸಾಮಾನ್ಯ ಲೀಗಿನಲ್ಲೂ ಹತ್ತನೆಯ ಅಂಕದ ನಂತರ ಪ್ರತಿ ಸಾವಿಗೂ, ಮುಂದಿನ ಲೆವೆಲ್‌ಗೆ ಬೇಕಾದ ಅನುಭವದಲ್ಲಿ ಶೇ. 10 ಕಡಿತವಾಗುತ್ತದೆ. ಮೂರು ಸಲ ಸತ್ತರೆ 30 ಹೋಯಿತು. ವೇಗವಾಗಿ ಗಳಿಸಿದ್ದನ್ನು ಅಷ್ಟೇ ವೇಗವಾಗಿ ಕಳೆದುಕೊಂಡರೆ ಏನು ಲಾಭ?

ರಜೆಯ ಕೊನೆಯಲ್ಲಿ ಎರಡನೆಯ ಪಾತ್ರ ಮಾಡಿದ್ದೆ. ಈ ಸಲ ಐದನೆಯ ಅಂಕ ಮುಗಿಯುವ ಮೊದಲೇ ಮೂರೂ ರೆಸಿಸ್ಟೆನ್ಸ್ ನೋಡಿಕೊಂಡೆ, ಉಂಗುರ ಬದಲಿಸಿದೆ, ಸೀಸೆ ಖಾಲಿಯಾದಾಗ ನಾಚಿಕೆಪಡದೆ ಹಿಂದೆ ಓಡಿದೆ. ಎಂಟನೆಯ ಅಂಕದವರೆಗೆ ಹೋದೆ. ಚನ್ನಗಿರಿಗೆ ಹೊರಡುವ ದಿನ ಇನ್ನೊಂದು ಕಾಳಗ ಆಡುತ್ತೇನೆ ಎಂದಾಗ ಭಾಯಿ ಗಡಿಯಾರ ತೋರಿಸಿದರು. ಅವಸರದಲ್ಲಿ ಆಡಿದ್ದರೆ ಖಂಡಿತ ಸಾಯುತ್ತಿದ್ದೆ. ಪಾತ್ರವನ್ನು ಊರೊಳಗೆ ನಿಲ್ಲಿಸಿ ಕಂಪ್ಯೂಟರ್ ಆಫ್ ಮಾಡಿದೆ. ಅಲ್ಲಿಗೆ ಶತ್ರುಗಳು ಬರುವುದಿಲ್ಲ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೂ ಅದು ಅಲ್ಲೇ ಇರಲಿ, ಇನ್ನೂ ಜೀವಂತವಾಗಿದೆ.