ಹಾಜರಿ ಹಾಕಿದರೆ ಕೆಲಸ ಆದಂತೆಯೇ?

‘ಸಾಹೇಬ್ರು ಸೀಟಲ್ಲಿಲ್ಲ, ನಾಳೆ ಬನ್ನಿ.’ ಕಡೂರು, ತರೀಕೆರೆ ಕಡೆ ಸರ್ಕಾರಿ ಕಚೇರಿಗೆ ಹೋದವರಲ್ಲಿ ಈ ಮಾತು ಕೇಳದವರು ಯಾರು? ಅಂಗಡಿಗೆ ಬೀಗ ಹಾಕಿ ಬಂದವರಿಗೆ ವ್ಯಾಪಾರ ಖೋತಾ, ಹಳ್ಳಿಯಿಂದ ಬಂದವರಿಗೆ ಬಸ್ ಚಾರ್ಜು ದಂಡ. ಹಿಂದೆ ತರೀಕೆರೆಗೆ ಸೇರಿದ್ದ ಅಜ್ಜಂಪುರ ಈಗ ತಾನೇ ತಾಲ್ಲೂಕಾಗಿದೆ. ಕಚೇರಿ ಹತ್ತಿರ ಬಂತು ಸರಿ, ಕೆಲಸ?

ನೌಕರರು ಬೆಳಿಗ್ಗೆ ಹಾಜರಿ ಹಾಕಿ ಕಾಫಿಗೆ ಎದ್ದು ಹೋದರೆ ಫೈಲು ತಾನಾಗಿ ನಡೆದೀತೇ? ಕೆಲಸಕ್ಕೇ ಗಡುವು ಬೇಕೆಂದು ರಾಜ್ಯ 2011ರಲ್ಲಿ ಸಕಾಲ ಕಾಯ್ದೆ ತಂದಿತು. 2012ರ ಏಪ್ರಿಲ್‌ನಲ್ಲಿ ರಾಜ್ಯಾದ್ಯಂತ ಜಾರಿಯಾಯಿತು. ಜಾತಿ, ಆದಾಯ ಪ್ರಮಾಣಪತ್ರದಿಂದ ಹಿಡಿದು ವ್ಯಾಪಾರದ ಲೈಸೆನ್ಸಿನವರೆಗೆ ಒಂದೊಂದಕ್ಕೂ ಇಂತಿಷ್ಟು ದಿನ. ತಪ್ಪಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅದು ತಡ ಮಾಡಿದ ಅಧಿಕಾರಿಯ ಸಂಬಳದಿಂದಲೇ ವಸೂಲಿ!

ಆದರೆ ಈ ಹಣ ಮನೆ ಬಾಗಿಲಿಗೆ ಬರುವುದಿಲ್ಲ. ಮೇಲಧಿಕಾರಿಗೆ ಅರ್ಜಿ ಹಾಕಿ ಕೇಳಬೇಕು. ಖಾಲಿ ಬಿದ್ದ ಕುರ್ಚಿಗಳನ್ನು ಸರ್ಕಾರ ತುಂಬಬೇಕು, ಅದೂ ನಿಜ. ಜನ ಮಾಡಬೇಕಾದ್ದು ಇಷ್ಟೆ: ಅರ್ಜಿ ಕೊಟ್ಟ ಕೂಡಲೇ ಸಕಾಲ ನಂಬರಿನ ರಸೀದಿ ಕೇಳಿ ಪಡೆಯಿರಿ. ರಸೀದಿ ಕೈಯಲ್ಲಿಲ್ಲದಿದ್ದರೆ ದಿನ ಲೆಕ್ಕ ಹಾಕುವವರು ಯಾರು ಸ್ವಾಮಿ?