ಹಿಮದೂರು ಗುಲ್ಮಾರ್ಗದಲ್ಲಿ ಊಟ-ತಿಂಡಿ

ಗುಲ್ಮಾರ್ಗ ಎಂದೊಡನೆ ಎಲ್ಲರೂ ಹೇಳುವುದು ಹಿಮ, ಸ್ಕೀ ಮತ್ತು ಗೊಂಡೋಲಾ. ಅಷ್ಟು ಎತ್ತರದಲ್ಲಿ, ಹಲ್ಲು ಕಟಕಟಿಸುವ ಚಳಿಯಲ್ಲಿ, ಅಜ್ಜ-ಅಜ್ಜಿ-ಮೊಮ್ಮಕ್ಕಳು ಎಲ್ಲಿ ಕೂತು ಏನು ತಿನ್ನಬೇಕು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಕಳೆದ ಫೆಬ್ರವರಿಯಲ್ಲಿ ನಾವು ಐದು ಜನ ಅಲ್ಲಿಗೆ ಹೋಗಿದ್ದೆವು. ಮಗ, ಸೊಸೆ, ಆರನೇ ತರಗತಿಯ ಮೊಮ್ಮಗ, ನಾನು ಮತ್ತು ನಮ್ಮಾಕೆ. ನಮ್ಮಾಕೆಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿದ ಮೇಲೆ ಊಟ ತಡವಾಗುವಂತಿಲ್ಲ. ಸಾಲದ್ದಕ್ಕೆ ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದ ಸಸ್ಯಾಹಾರಿ. ಹಾಗಾಗಿ ಹಿಮ ನೋಡುವ ಮೊದಲು ನಾನು ನೋಡಿದ್ದು ಅಡುಗೆಮನೆಗಳನ್ನು.

ಶ್ರೀನಗರದಿಂದ ಗುಲ್ಮಾರ್ಗ ಸುಮಾರು 50 ಕಿಲೋಮೀಟರ್. ಬೆಟ್ಟದ ಬುಡದಲ್ಲಿ ತಂಗ್‌ಮಾರ್ಗ್ ಎಂಬ ಊರಿದೆ. ಅಲ್ಲಿಂದ ಹದಿಮೂರು ಕಿಲೋಮೀಟರ್ ಪೈನ್ ಮರಗಳ ನಡುವೆ ಹಾವಿನಂತೆ ಸುತ್ತುವ ಏರುದಾರಿ. ಹಿಮ ಹೆಚ್ಚು ಬಿದ್ದ ದಿನ ಇಲ್ಲಿ ಗಾಡಿಯ ಚಕ್ರಕ್ಕೆ ಸರಪಳಿ ಕಟ್ಟುತ್ತಾರೆ. ನನ್ನ ಸಲಹೆ ಏನೆಂದರೆ, ಬೆಳಗಿನ ತಿಂಡಿ ತಂಗ್‌ಮಾರ್ಗಿನಲ್ಲೇ ಮುಗಿಸಿ. ಕಾಶ್ಮೀರದಲ್ಲಿ ಬೀದಿ ಬೀದಿಗೂ ಒಬ್ಬ ‘ಕಾಂದುರ್’, ಅಂದರೆ ರೊಟ್ಟಿ ಸುಡುವವನು ಇರುತ್ತಾನೆ. ನೆಲದಲ್ಲಿ ಹೂತ ತಂದೂರಿನ ಒಳಗೋಡೆಗೆ ಹಿಟ್ಟನ್ನು ಬಡಿದು ‘ಗಿರ್ದಾ’ ಎಂಬ ದುಂಡನೆಯ ರೊಟ್ಟಿ ತೆಗೆಯುತ್ತಾನೆ. ‘ಲವಾಸ’ ಎಂಬುದು ತೆಳ್ಳಗಿನ ರೊಟ್ಟಿ. ಬಿಸಿ ಗಿರ್ದಾಕ್ಕೆ ಬೆಣ್ಣೆ ಸವರಿದರೆ ಮಕ್ಕಳು ಬೇಡವೆನ್ನುವುದಿಲ್ಲ. ನಮ್ಮ ಹುಡುಗ ಎರಡು ತಿಂದು, ಮೂರನೆಯದನ್ನು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿಗೆ ಸೇರಿಸಿದ.

ರೊಟ್ಟಿಯ ಜೊತೆ ಅಲ್ಲಿಯವರು ಕುಡಿಯುವುದು ‘ನೂನ್ ಚಾಯ್’. ನೂನ್ ಅಂದರೆ ಉಪ್ಪು. ಹೌದು ಮಕ್ಕಳೇ, ಉಪ್ಪು ಹಾಕಿದ ಚಹಾ! ಬಣ್ಣ ನೋಡಿದರೆ ಗುಲಾಬಿ. ಹಸಿರು ಚಹಾ ಎಲೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಬಹಳ ಹೊತ್ತು ಕುದಿಸಿದಾಗ ಕಷಾಯ ಕೆಂಪಾಗುತ್ತದೆ. ಅದಕ್ಕೆ ಹಾಲು ಬೆರೆತಾಗ ಗುಲಾಬಿ ಬಣ್ಣ ಬರುತ್ತದೆ. ಮೊದಲ ಗುಟುಕು ಯಾರಿಗೂ ಹಿಡಿಸುವುದಿಲ್ಲ. ಮೊಮ್ಮಗ ಲೋಟ ಕೆಳಗಿಟ್ಟ. ನನಗೆ ಮೂರನೇ ಗುಟುಕಿಗೆ ಒಗ್ಗಿತು. ರಕ್ತದೊತ್ತಡ ಇರುವ ಹಿರಿಯರು ಮಾತ್ರ ಒಂದು ಬಟ್ಟಲಿಗೆ ನಿಲ್ಲಿಸುವುದು ಒಳ್ಳೆಯದು, ಉಪ್ಪು ಉಪ್ಪೇ ತಾನೆ?

ಮೇಲಕ್ಕೆ ಬಂದರೆ ಸುಮಾರು 2,650 ಮೀಟರ್ ಎತ್ತರದಲ್ಲಿ ಬಟ್ಟಲಿನಾಕಾರದ ಹುಲ್ಲುಗಾವಲು. ಚಳಿಗಾಲದಲ್ಲಿ ಅದಷ್ಟೂ ಬಿಳಿ. ಟ್ಯಾಕ್ಸಿ ನಿಲ್ದಾಣದ ಸುತ್ತಮುತ್ತ ಢಾಬಾಗಳಿವೆ. ರಾಜ್ಮಾ-ಅನ್ನ, ಆಲೂ ಪರೋಟ, ದಾಲ್, ಮೊಸರು ಇವು ಎಲ್ಲೆಲ್ಲೂ ಸಿಗುತ್ತವೆ. ಬಕ್ಷಿ ಎಂಬ ಹೆಸರಿನ ಸಸ್ಯಾಹಾರಿ ಢಾಬಾವನ್ನು ಉತ್ತರ ಭಾರತದ ಪ್ರವಾಸಿಗಳು ಹುಡುಕಿಕೊಂಡು ಬರುತ್ತಾರೆ. ದೊಡ್ಡ ಹೋಟೆಲುಗಳೂ ಉಂಟು. ಯುರೋಪಿನಿಂದ ಬಂದ ನೆಡೂ ಮನೆತನದ ಹೋಟೆಲು 1888ರಷ್ಟು ಹಳೆಯದು. ಹೈಲ್ಯಾಂಡ್ಸ್ ಪಾರ್ಕ್ ಕೂಡ ಹಳಬರ ಬಾಯಲ್ಲಿರುವ ಹೆಸರು. ಖೈಬರ್ ಎಂಬುದು ಇತ್ತೀಚಿನ ಐಷಾರಾಮಿ ಹೋಟೆಲು, ಅಲ್ಲಿನ ದರಪಟ್ಟಿ ಪಿಂಚಣಿದಾರರಿಗೆ ಹೇಳಿಸಿದ್ದಲ್ಲ. ಒಂದು ದಿನ ಕಾಫಿ ಕುಡಿದು, ಕಿಟಕಿಯಿಂದ ಪರ್ವತ ನೋಡಿ ಬರುವುದಕ್ಕೆ ಅಡ್ಡಿಯಿಲ್ಲ.

ಮಕ್ಕಳು ಇಲ್ಲೊಂದು ವಿಜ್ಞಾನದ ಪಾಠ ಗಮನಿಸಬೇಕು. ನಮ್ಮ ಢಾಬಾದ ಅಡುಗೆಯವನು ಅನ್ನಕ್ಕೂ ಕುಕ್ಕರ್, ಬೇಳೆಗೂ ಕುಕ್ಕರ್ ಇಟ್ಟಿದ್ದ. ಸೀಟಿಯ ಮೇಲೆ ಸೀಟಿ. ಕಾರಣ ಸರಳ. ಸಮುದ್ರಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ನೀರು ಬೇಗ ಕುದಿಯಲು ತೊಡಗುತ್ತದೆ. ಬೆಂಗಳೂರಿನಲ್ಲಿ ಸುಮಾರು 97, ಗುಲ್ಮಾರ್ಗದಲ್ಲಿ ಸುಮಾರು 91, ಅಫರ್‌ವಟ್ ಶಿಖರದ ಹತ್ತಿರ 87ರ ಆಸುಪಾಸು. ಕುದಿಯುತ್ತಿದ್ದರೂ ನೀರು ಸಾಕಷ್ಟು ಬಿಸಿ ಇರುವುದಿಲ್ಲ! ತೆರೆದ ಪಾತ್ರೆಯಲ್ಲಿ ರಾಜ್ಮಾ ಎಷ್ಟು ಹೊತ್ತು ಕುದ್ದರೂ ಕಲ್ಲಿನಂತೆಯೇ ಉಳಿದೀತು. ಕುಕ್ಕರ್ ಆವಿಯನ್ನು ಕೂಡಿಹಾಕಿ ಒತ್ತಡ ಹೆಚ್ಚಿಸುವುದರಿಂದ ಕಾಳು ಬೇಯುತ್ತದೆ. ಹಿಮಾಲಯದ ಉದ್ದಕ್ಕೂ ಮ್ಯಾಗಿ ಅಂಗಡಿಗಳೇಕೆ ಇಷ್ಟೊಂದು ಎಂಬ ಪ್ರಶ್ನೆಗೂ ಇದೇ ಅರ್ಧ ಉತ್ತರ. ಆ ಶಾವಿಗೆ ಕಾರ್ಖಾನೆಯಲ್ಲೇ ಬೆಂದು ಬಂದಿರುತ್ತದೆ, ಇಲ್ಲಿ ಬಿಸಿನೀರು ಕುಡಿದು ಮೆತ್ತಗಾದರೆ ಸಾಕು. ಉಳಿದರ್ಧ ಉತ್ತರವನ್ನು ನನ್ನ ಮೊಮ್ಮಗ ಕೊಡುತ್ತಾನೆ.

ಸಸ್ಯಾಹಾರಿಗಳು ಕಾಶ್ಮೀರದಲ್ಲಿ ಹಸಿದಿರಬೇಕಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಕಾಶ್ಮೀರಿ ಪಂಡಿತರ ಸಾಂಪ್ರದಾಯಿಕ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ಸೋಂಪು, ಒಣಶುಂಠಿ, ಇಂಗುಗಳದ್ದೇ ಕಾರುಬಾರು. ‘ಹಾಖ್’ ಎಂಬ ಸೊಪ್ಪಿನ ತಿಳಿಸಾರು ನಮ್ಮ ಬಸ್ಸಾರಿನ ದೂರದ ನೆಂಟ. ‘ನದ್ರು’ ಎಂದರೆ ತಾವರೆಯ ದಂಟು. ದಾಲ್ ಸರೋವರದಂಥ ಕೆರೆಗಳ ಕೆಸರಿನಿಂದ ಕಿತ್ತು ತರುತ್ತಾರೆ. ಅಡ್ಡ ಕೊಯ್ದರೆ ಒಳಗೆ ಸಾಲು ಸಾಲು ತೂತು. ಮೊಸರಿನ ಗೊಜ್ಜಿನಲ್ಲಿ ಬೇಯಿಸಿದರೆ ‘ನದ್ರು ಯಖ್ನಿ’. ‘ಈರುಳ್ಳಿ-ಬೆಳ್ಳುಳ್ಳಿ ಬೇಡ’ ಎಂದು ಮುಂಚಿತವಾಗಿ ಹೇಳಿದ್ದಕ್ಕೆ ನಾವು ಇಳಿದುಕೊಂಡಿದ್ದ ಪುಟ್ಟ ಹೋಟೆಲಿನ ಅಡುಗೆಯವರು ಹಿಂದಿನ ರಾತ್ರಿಯೇ ಒಪ್ಪಿಕೊಂಡು ನದ್ರು ತರಿಸಿದ್ದರು. ನಮ್ಮಾಕೆ ಎರಡನೇ ಸಲ ಅನ್ನ ಹಾಕಿಸಿಕೊಂಡಾಗ ನನಗೆ ನಿರಾಳ. ಚಳಿಗಾಲದಲ್ಲಿ ಒಣಗಿಸಿದ ಬದನೆ, ಟೊಮೆಟೊ, ಸೋರೆಕಾಯಿಯ ಪಲ್ಯಗಳೂ ಮನೆಗಳಲ್ಲಿ ನಡೆಯುತ್ತವೆ. ಹಿಮ ಬಿದ್ದು ಹೆದ್ದಾರಿ ಮುಚ್ಚಿದರೆ ತರಕಾರಿ ಬರುವುದಿಲ್ಲವಲ್ಲ, ನಾವು ಬಾಳಕ-ಸಂಡಿಗೆ ಡಬ್ಬಿ ತುಂಬಿಡುವ ಹಾಗೆ ಅವರು ಬೇಸಿಗೆಯಲ್ಲೇ ಒಣಗಿಸಿ ಇಟ್ಟುಕೊಳ್ಳುತ್ತಾರೆ.

ಮಾಂಸಾಹಾರಿಗಳಿಗೆ ‘ವಾಜವಾನ್’ ಇದೆ. ಅದು ಮದುವೆಯ ಔತಣ. ‘ತ್ರಾಮಿ’ ಎಂಬ ದೊಡ್ಡ ತಾಮ್ರದ ತಟ್ಟೆಯ ಸುತ್ತ ನಾಲ್ವರು ಕೂತು ಒಟ್ಟಿಗೆ ಉಣ್ಣುತ್ತಾರೆ. ಕೊನೆಗೆ ಬರುವುದು ಮೊಸರಿನ ಗೊಜ್ಜಿನಲ್ಲಿ ಮುಳುಗಿದ ಮಾಂಸದುಂಡೆ, ‘ಗುಷ್ತಾಬಾ’. ಮಗ ಇದನ್ನೆಲ್ಲ ಶ್ರೀನಗರದಲ್ಲಿ ಸವಿದ. ಗುಲ್ಮಾರ್ಗಕ್ಕಿಂತ ಅಲ್ಲೇ ಚೆನ್ನ ಎಂಬುದು ಅವನ ಅಭಿಪ್ರಾಯ.

ಇನ್ನು ಗೊಂಡೋಲಾ. ತಂತಿಯಲ್ಲಿ ತೇಲುವ ಪೆಟ್ಟಿಗೆ, ಒಂದಕ್ಕೆ ಆರು ಜನ. ಮೊದಲ ಹಂತ 1998ರಲ್ಲಿ ಆರಂಭವಾಯಿತು, ಅದು ಸುಮಾರು 3,050 ಮೀಟರ್ ಎತ್ತರದ ಕೊಂಗ್ಡೂರಿಗೆ ಒಯ್ಯುತ್ತದೆ. ಎರಡನೆಯದು 2005ರದು, ಅಫರ್‌ವಟ್ ಪರ್ವತದ ಹೆಗಲಿಗೆ, 3,900 ಮೀಟರಿಗೂ ಮೇಲಕ್ಕೆ. ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಬೇಕು. ಟಿಕೆಟ್ ಇದ್ದರೂ ಸರದಿ ತಪ್ಪದು, ಗಾಳಿ ಎದ್ದರೆ ಗೊಂಡೋಲಾ ನಿಲ್ಲಿಸಿಯೂ ಬಿಡುತ್ತಾರೆ. ಮಧುಮೇಹ ಇರುವವರು ಗಮನಿಸಬೇಕಾದ ಜಾಗ ಇದೇ. ಸರದಿಯಲ್ಲಿ ನಮಗೆ ಒಂದೂವರೆ ಗಂಟೆ ಹಿಡಿಯಿತು. ನಮ್ಮಾಕೆಯ ಕೈಚೀಲದಲ್ಲಿ ಹುರಿಗಡಲೆ, ಕಡಲೆಕಾಯಿ ಚಿಕ್ಕಿ, ಎರಡು ಕಿತ್ತಳೆ, ಫ್ಲಾಸ್ಕಿನಲ್ಲಿ ಬಿಸಿನೀರು ಇತ್ತು. ಊಟದ ಹೊತ್ತು ಮೀರಿದಾಗ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರು ಕಾಣಿಸಿತು. ಅಂಥ ಚಳಿಯಲ್ಲಿ ಬೆವರು! ಕೂಡಲೇ ಚಿಕ್ಕಿ, ಕಿತ್ತಳೆ ಕೊಟ್ಟೆವು. ಮುಂದೆ ನಿಂತಿದ್ದ ಪಂಜಾಬಿ ಕುಟುಂಬದವರು ತಮ್ಮ ಮಡಚುವ ಕುರ್ಚಿ ಬಿಟ್ಟುಕೊಟ್ಟರು. ಹದಿನೈದು ನಿಮಿಷದಲ್ಲಿ ಚೇತರಿಸಿಕೊಂಡು, ‘ಸರದಿ ಬಿಟ್ಟು ಯಾರೂ ಕದಲಬೇಡಿ’ ಎಂದು ನಮಗೇ ಆಜ್ಞೆ ಮಾಡಿದಳು.

ಕೊಂಗ್ಡೂರಿಯಲ್ಲಿ ಹಿಮದ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿದ ಅಂಗಡಿಗಳಿವೆ. ಮ್ಯಾಗಿ, ಆಮ್ಲೆಟ್, ರಾಜ್ಮಾ-ಅನ್ನ, ಕಾವಾ ಸಿಗುತ್ತವೆ. ಪ್ರತಿಯೊಂದು ಅಕ್ಕಿಕಾಳೂ ಕೆಳಗಿನಿಂದ ಬರಬೇಕು, ಆದ್ದರಿಂದ ಬೆಲೆ ಹೆಚ್ಚು. ಅದನ್ನು ಒಪ್ಪಬಹುದು. ದರ ಹೇಳದೆ ತಟ್ಟೆ ಇಟ್ಟು ಆಮೇಲೆ ಬಾಯಿಗೆ ಬಂದ ಲೆಕ್ಕ ಹೇಳುವುದನ್ನು ಒಪ್ಪಲಾಗದು. ಒಂದು ಕಡೆ ಹಾಗಾಯಿತು, ಹೆಸರು ಬೇಡ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂಡಿ-ಕಳೆದ ಕೈ ಸುಮ್ಮನಿರುವುದೇ? ಚೀಟಿಯಲ್ಲಿ ಬರೆಸಿ ಕೂಡಿಸಿದಾಗ ನೂರಿಪ್ಪತ್ತು ರೂಪಾಯಿ ಇಳಿಯಿತು. ಕೇಳಿ, ಬರೆಸಿ, ನಂತರ ತಿನ್ನಿ.

ಕಾವಾ ಬಗ್ಗೆ ಹೇಳದಿದ್ದರೆ ಪಾಪ. ಹಸಿರು ಚಹಾ, ಕೇಸರಿ, ದಾಲ್ಚಿನ್ನಿ, ಏಲಕ್ಕಿ, ಮೇಲೆ ಬಾದಾಮಿ ಚೂರು. ಅದನ್ನು ಕಾಯಿಸುವ ‘ಸಮಾವಾರ್’ ತಾಮ್ರದ ಹೂಜಿ ಇದ್ದಂತೆ. ನಡುವೆ ಒಂದು ಕೊಳವೆ, ಅದರಲ್ಲಿ ಕೆಂಡ, ಸುತ್ತ ಚಹಾ. ನಮ್ಮ ಹಳೆಯ ಹಂಡೆಯ ಬಾಯ್ಲರಿನದೇ ತತ್ವ. ಸಕ್ಕರೆ ಹಾಕದೆ ಕೊಡಿ ಎಂದರೆ ಕೊಡುತ್ತಾರೆ. ಎತ್ತರದ ಒಣಗಾಳಿಯಲ್ಲಿ ಬಾಯಾರಿಕೆ ಗೊತ್ತಾಗದಿದ್ದರೂ ದೇಹಕ್ಕೆ ನೀರು ಬೇಕು, ಬೆಚ್ಚಗಿನದನ್ನು ಗುಟುಕು ಗುಟುಕಾಗಿ ಕುಡಿಯುತ್ತಿರಬೇಕು. ಚಳಿಗೆ ‘ಒಂದು ಪೆಗ್’ ಎನ್ನುವ ತಾತಂದಿರಿಗೆ ಒಂದು ಮಾತು: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಶಾಖವನ್ನು ಹೊರಗೆ ಚೆಲ್ಲುತ್ತದೆ. ಬೆಚ್ಚಗಾದಂತೆ ಅನಿಸುವುದಷ್ಟೆ. ಮಕ್ಕಳೇ, ಹಿಮವನ್ನು ಬಾಯಿಗೆ ಹಾಕಬೇಡಿ, ಕುದುರೆಗಳೂ ಅಲ್ಲೇ ಓಡಾಡುತ್ತವೆ.

ಎರಡನೇ ಹಂತಕ್ಕೆ ಮಗ-ಮೊಮ್ಮಗ ಮಾತ್ರ ಹೋದರು. ನಾವಿಬ್ಬರು ಕೊಂಗ್ಡೂರಿಯ ಬಿಸಿಲಿನಲ್ಲಿ ಕಾವಾ ಹಿಡಿದು ಸ್ಕೀ ಹುಡುಗರನ್ನು ನೋಡುತ್ತಾ ಕೂತೆವು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ 2020ರಿಂದ ಇಲ್ಲಿ ನಡೆಯುತ್ತಿದೆ. ಹಿಮವನ್ನೇ ಕಾಣದ ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಆ ಕೂಟದ ಸ್ಕೀಯಿಂಗಿನಲ್ಲಿ ಚಿನ್ನ ಗೆದ್ದವರು ಎಂದು ಪಕ್ಕದ ಬೆಂಚಿನವರಿಗೆ ನಾನೇ ಹೇಳಿದೆ.

2021 ಮತ್ತು 2022ರ ಚಳಿಗಾಲಗಳಲ್ಲಿ ಇಲ್ಲಿನ ಒಂದು ಹೋಟೆಲಿನವರು ಹಿಮದಿಂದಲೇ ಇಗ್ಲೂ ಕಟ್ಟಿ, ಮಂಜಿನ ಮೇಜಿನ ಮೇಲೆ ಬಿಸಿ ಊಟ ಬಡಿಸಿದ್ದು ಸುದ್ದಿಯಾಗಿತ್ತು. ಹಿಮದಲ್ಲಿ ಸಿಕ್ಕಿಕೊಂಡ ಗಾಳಿ ಕಂಬಳಿಯಂತೆ ಶಾಖವನ್ನು ತಡೆಯುವುದರಿಂದ ಒಳಗೆ ಹೊರಗಿನಷ್ಟು ಚಳಿ ಇರುವುದಿಲ್ಲ. ಬಿಸಿಲು ಏರಿದ ಮೇಲೆ ಆ ಹೋಟೆಲು ನೀರಾಗಿ ಹರಿದುಹೋಗುತ್ತದೆ.

ಇಳಿಯುವಾಗ ಮತ್ತೆ ತಂಗ್‌ಮಾರ್ಗಿನಲ್ಲಿ ನಿಲ್ಲಿಸಿದೆವು. ಕಾವಾ ಪುಡಿ ಕೊಂಡೆವು, ಕೇಸರಿಯನ್ನು ಮಾತ್ರ ಪರೀಕ್ಷಿಸಿ ಕೊಂಡೆವು. ಬಿಸಿನೀರಿಗೆ ಎರಡು ಎಳೆ ಹಾಕಿದರೆ ನಿಜವಾದದ್ದು ನಿಧಾನಕ್ಕೆ ಹೊಂಬಣ್ಣ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ನಕಲಿಯಾದರೆ ಕ್ಷಣದಲ್ಲಿ ನೀರೆಲ್ಲ ಕೆಂಪಾಗಿ, ಎಳೆ ಬಿಳಿಚಿಕೊಳ್ಳುತ್ತದೆ. ಅಂಗಡಿಯವನೇ ಲೋಟ, ನೀರು ಕೊಟ್ಟು ಪರೀಕ್ಷೆ ಮಾಡಿಸಿದ. ಅರ್ಧ ಗ್ರಾಂ ಕೊಂಡೆವು.